ಆರು ಹಿಡಿ ಮಂಜಿಷ್ಠ

ನಮ್ಮೂರಿನಲ್ಲಿ ಟೊಮೇಟೊ ಹಣ್ಣಾಗಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಹಿಸುಕಿ ನೋಡಬೇಕು, ಇಲ್ಲವೇ ಫೋಟೋ ತೆಗೆಸಬೇಕು. ಹಿಸುಕಿದರೆ ತರಕಾರಿಯವಳು ಬೈಯುತ್ತಾಳೆ. ಫೋಟೋ ತೆಗೆಸಿದರೆ ಸರದಿ ಬಂದು ಪ್ರಿಂಟು ಸಿಗಲು ನಾಲ್ಕು ದಿನ ಬೇಕು, ಅಷ್ಟರಲ್ಲಿ ಹಣ್ಣು ಕೊಳೆತಿರುತ್ತದೆ. ಹಾಗಾಗಿ ಜನ ಬೈಸಿಕೊಂಡೇ ಹಿಸುಕುತ್ತಾರೆ. ಕಲ್ಲುಸೇತುವೆಯಿಂದ ಈಚೆಗೆ ಬಣ್ಣವೆಂಬುದು ಕಣ್ಣಿಗೆ ಬೀಳುವುದಿಲ್ಲ. ಕಲರ್ ನೆಗೆಟಿವ್ ಫಿಲ್ಮಿನಲ್ಲಿ ತೆಗೆದು, ತೊಳೆದು, ಕಾಗದದ ಮೇಲೆ ಪ್ರಿಂಟು ಹಾಕಿದರೆ ಆ ಕಾಗದದಲ್ಲಿ ಮಾತ್ರ ಕಾಣುತ್ತದೆ. ಮೊಬೈಲಿನಲ್ಲಿ ಎಲ್ಲವೂ ಬೂದಿ, ಕ್ಯಾಲೆಂಡರಿನ ದೇವರೂ ಬೂದಿ. ಹೊರಗಿನಿಂದ ವರ್ಗವಾಗಿ ಬಂದವರಿಗೆ ಮೂರನೆಯ ದಿನ ಬೆಳಿಗ್ಗೆ ಏಳುವಷ್ಟರಲ್ಲಿ ಬಣ್ಣ ಹೋಗಿರುತ್ತದೆ. ಊರಿನವರು ಸೇತುವೆ ದಾಟಿ ಹೋಗಿ ನೆಲೆಸಿದರೆ ನಲವತ್ತು ದಿನಕ್ಕೆ ಬರುತ್ತದೆ. ಈ ವಿಷಯದಲ್ಲಿ ಇದಕ್ಕಿಂತ ಹೆಚ್ಚಿಗೆ ಹೇಳುವುದೇನೂ ಇಲ್ಲ. ಹೋದ ವರ್ಷ ಬಂದ ಪೋಸ್ಟ್ ಮಾಸ್ಟರು ಮೊದಲ ವಾರವೆಲ್ಲ ಗೋಳಾಡಿದರು. ಎರಡನೆಯ ವಾರ, ಹೆಂಡತಿ ಯಾವ ಸೀರೆ ಉಟ್ಟರೂ ಒಪ್ಪುತ್ತದೆ ಎಂದು ಧೈರ್ಯವಾಗಿ ಹೇಳಬಹುದೆಂದು ಕಂಡುಕೊಂಡು ತಣ್ಣಗಾದರು.

ನಾನು ಚಂಪಾವತಿ. ಊರಿಗೆಲ್ಲ ಫೋಟೋ ಚಂಪಕ್ಕ. ಅಪ್ಪ ನಡೆಸುತ್ತಿದ್ದ ಸ್ಟುಡಿಯೋವನ್ನು ಮೂವತ್ತೊಂದು ವರ್ಷದಿಂದ ನಾನು ನಡೆಸುತ್ತಿದ್ದೇನೆ. ಬೇರೆ ಊರುಗಳಲ್ಲಿ ಫೋಟೋದವರನ್ನು ಮದುವೆ ಮುಂಜಿಗೆ ಕರೆಯುತ್ತಾರಂತೆ. ಇಲ್ಲಿ ನನ್ನನ್ನು ಬಿಟ್ಟು ಒಂದು ಗೋಡೆಗೆ ಸುಣ್ಣಬಣ್ಣ ಆಗುವುದಿಲ್ಲ. ಸೀರೆ ಅಂಗಡಿಯಲ್ಲಿ ಪ್ರತಿ ಸೀರೆಯ ಮಡಿಕೆಗೂ ಒಂದು ಪ್ರಿಂಟು ಪಿನ್ನು ಮಾಡಿರುತ್ತಾರೆ. ಹೆಂಗಸರು ಸೀರೆಯನ್ನು ಮುಟ್ಟಿ ನೋಡುತ್ತಾರೆ, ಫೋಟೋವನ್ನು ದಿಟ್ಟಿಸಿ ನೋಡುತ್ತಾರೆ, ಕೊನೆಗೆ ಅಂಗಡಿಯವನ ಮುಖ ನೋಡಿ ತೀರ್ಮಾನಕ್ಕೆ ಬರುತ್ತಾರೆ. ಒಮ್ಮೆ ಅಣ್ಣತಮ್ಮಂದಿರಿಬ್ಬರು ಪಾಲಾಗಿ ಒಂದೇ ಮನೆಯ ಮುಂಗೋಡೆಗೆ ಅರ್ಧರ್ಧ ಬಣ್ಣ ಹೊಡೆಸಿದರು. ನನ್ನ ಫೋಟೋ ಬರುವವರೆಗೆ ಇಬ್ಬರೂ ಅನ್ಯೋನ್ಯವಾಗಿದ್ದರು.

ಬಂದವರೆಲ್ಲರೂ ಕೇಳುವುದು ಒಂದೇ ಮಾತು, ಯಾವ ರೀಲು ಹಾಕೋಣ ಅಕ್ಕ ಅಂತ. ನನ್ನ ಹತ್ತಿರ ಎರಡೇ ಜಾತಿ. ಒಂದು ಸಾದಾ ರೀಲು. ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ. ಇನ್ನೊಂದನ್ನು ಊರವರು ಝಗಮಗ ರೀಲು ಎನ್ನುತ್ತಾರೆ. ಅದರ ವೇಗ ಕಡಿಮೆ, ಬೆಳಕಿನ ಹಸಿವು ಹೆಚ್ಚು, ಆದರೆ ತಿಂದ ಬೆಳಕಿಗೆ ಸರಿಯಾಗಿ ದುಡಿಯುತ್ತದೆ: ಅದರಲ್ಲಿ ತೆಗೆದರೆ ಸಾಸಿವೆ ಹೂ ಕೂಡ ಚಿನ್ನದಂಗಡಿಯ ಹಾಗೆ ಕಾಣುತ್ತದೆ. ಮನುಷ್ಯರ ಮುಖಕ್ಕೆ ಅದು ಒಳ್ಳೆಯದಲ್ಲ, ಜ್ವರ ಬಂದವರ ಹಾಗೆ ಕೆಂಪಾಗಿಬಿಡುತ್ತಾರೆ. ನಾನು ಎಲ್ಲರಿಗೂ ಹೇಳುವುದು ಇಷ್ಟೇ. ನೆಗೆಟಿವ್ ಫಿಲ್ಮಿಗೆ ಬೆಳಕು ಒಂದು ತುತ್ತು ಹೆಚ್ಚಾದರೆ ತೊಂದರೆಯಿಲ್ಲ, ಬಣ್ಣ ಇನ್ನಷ್ಟು ತುಂಬಿಕೊಂಡು ಬರುತ್ತದೆ. ಕಡಿಮೆಯಾದರೆ ನೆರಳೆಲ್ಲ ಕೆಸರು. ರೀಲಿನ ಮೇಲೆ ವೇಗ ಇನ್ನೂರು ಎಂದು ಬರೆದಿದ್ದರೆ ಕ್ಯಾಮೆರಾಕ್ಕೆ ನೂರು ಎಂದು ಹೇಳಬೇಕು. ಬಿಸಿಲು ಬೆನ್ನಿಗಿರಬೇಕು, ಬೆಳಗಿನ ಒಂಬತ್ತು ಗಂಟೆಯದಾಗಿರಬೇಕು. ನಡುಮಧ್ಯಾಹ್ನ ಫೋಟೋ ತೆಗೆಯುವುದಕ್ಕಿಂತ ಊಟ ಮಾಡಿ ಮಲಗುವುದು ಲೇಸು.

ದಾದಾಪೀರ್ ಸಾಬರು ಊರಿನ ಬಣ್ಣಗಾರರು. ಬಣ್ಣ ಕಾಣದ ಊರಿನಲ್ಲಿ ಬಣ್ಣಗಾರನೇ ಎಂದು ಹೊರಗಿನವರು ನಗುತ್ತಾರೆ, ನಗಲಿ. ಅವರು ನೂಲು ಅದ್ದುವುದು ಹಿಡಿ ಲೆಕ್ಕದಲ್ಲಿ, ಮೂಗಿನ ಲೆಕ್ಕದಲ್ಲಿ. ಒಂದು ಕೊಪ್ಪರಿಗೆಗೆ ಮಂಜಿಷ್ಠದ ಬೇರಿನ ಪುಡಿ ಹದಿನಾಲ್ಕು ಹಿಡಿ, ಪಟಿಕ ಎರಡು ಹಿಡಿ, ವಾಸನೆ ಮಣ್ಣಿನಿಂದ ಸಿಹಿಗೆ ತಿರುಗುವವರೆಗೆ ಉರಿ. ಊರಿನಿಂದ ಸೇತುವೆಯಾಚೆಗೆ ಮದುವೆಯಾಗಿ ಹೋಗುವ ಹೆಣ್ಣು ಯಾವ ಜಾತಿಯವಳೇ ಆಗಲಿ, ಸಾಬರ ಕೆಂಪು ಉಟ್ಟು ಹೋಗುವುದು ಪದ್ಧತಿ. ವರ್ಷಕ್ಕೊಮ್ಮೆ ಅದ್ದಿದ ನೂಲಿನಿಂದ ಗೇಣುದ್ದದ ಒಂದು ತುಂಡು ಕತ್ತರಿಸಿ ನನ್ನಲ್ಲಿಗೆ ತರುತ್ತಾರೆ, ನಾನು ಫೋಟೋ ತೆಗೆದುಕೊಡುತ್ತೇನೆ. ಅದಕ್ಕೆ ಸಾಕ್ಷಿ ತುಂಡು ಎಂದು ಹೆಸರು. ಫೋಟೋ ಆದ ಮೇಲೆ ತುಂಡು ನೂಲಿನ ಜೊತೆಗೇ ಹೋಗಿ ಸೀರೆಯ ಸೆರಗಿನಲ್ಲಿ ಸೇರಿಬಿಡಬೇಕು, ಊರಿನಲ್ಲಿ ಉಳಿಯಬಾರದು. ಉಳಿಯುವುದು ಪ್ರಿಂಟು ಮಾತ್ರ. ಸಾಬರ ಮನೆಯ ಒಳಗೋಡೆಯಲ್ಲಿ ಒಂದು ಪ್ರಿಂಟಿಗೆ ಕಟ್ಟು ಹಾಕಿಸಿ ಇಟ್ಟಿದ್ದರು. ಅವರ ಹೆಂಡತಿ ಖೈರುನ್ನಿಸಾ ಇದ್ದ ಕಾಲದ ಕೆಂಪು, ಸಾದಾ ರೀಲಿನಲ್ಲಿ ನಾನೇ ತೆಗೆದದ್ದು. ಅವರ ಪಾಲಿಗೆ ಕೆಂಪು ಎಂದರೆ ಅದು.

ಆರು ವರ್ಷದ ಹಿಂದೆ ಖೈರುನ್ನಿಸಾ ತೀರಿಕೊಂಡರು. ಅದಾಗಿ ಎರಡು ತಿಂಗಳಿಗೆ ಸಾಬರು ತಂದ ಸಾಕ್ಷಿ ತುಂಡನ್ನು ಸಾದಾ ರೀಲಿನಲ್ಲಿ ತೆಗೆದೆ. ಪ್ರಿಂಟು ತೊಟ್ಟಿಯಿಂದ ಎತ್ತಿದಾಗಲೇ ಗೊತ್ತಾಯಿತು, ಬಣ್ಣ ಸೊರಗಿತ್ತು. ಕೈ ನಡುಗಿರಬೇಕು, ಇಲ್ಲವೇ ಉರಿಯ ಮೇಲೆ ನಿಗಾ ತಪ್ಪಿರಬೇಕು. ಆ ಮನುಷ್ಯ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಅಂಗಿಯ ಗುಂಡಿ ಮೇಲೆಕೆಳಗಾಗಿ ಹಾಕಿಕೊಂಡಿದ್ದರು. ಹೆಂಡತಿಯೂ ಹೋದಳು, ಕೈಯೂ ಹೋಯಿತು ಎಂದು ಒಂದೇ ವರ್ಷದಲ್ಲಿ ಹೇಗೆ ಹೇಳುವುದು. ನಾಳೆ ಬನ್ನಿ ಎಂದು ಕಳಿಸಿ, ಬೇರೆ ಕೆಲಸ ಬದಿಗಿಟ್ಟು ಅದೇ ತುಂಡನ್ನು ಝಗಮಗ ರೀಲಿನಲ್ಲಿ ಬೆಳಕು ಒಂದಿಷ್ಟು ಧಾರಾಳ ಮಾಡಿ ತೆಗೆದೆ. ಕಡಿಮೆ ಎನ್ನಿಸಬಾರದೆಂದು ಗೋಡೆಯ ಪ್ರಿಂಟಿಗಿಂತ ಒಂದು ಗುಲಗಂಜಿ ಹೆಚ್ಚೇ ಬರುವಂತೆ ನೋಡಿಕೊಂಡು, ನಗುನಗುತ್ತಾ ಕೈಗೆ ಕೊಟ್ಟೆ. ಅವರು ತುಂಬ ಹೊತ್ತು ನೋಡಿದರು. "ಚೆನ್ನಾಗ್ ಬಂದಿದೆ," ಎಂದು ಹೇಳಿ ಹೋದರು.

ಆಮೇಲೆ ಅದೊಂದು ಅಭ್ಯಾಸವೇ ಆಯಿತು. ಪ್ರತಿ ವರ್ಷ ಮೊದಲು ನನ್ನ ತಿಳಿವಳಿಕೆಗೆಂದು ಸಾದಾ ರೀಲಿನಲ್ಲಿ ಒಂದು ತೆಗೆಯುತ್ತಿದ್ದೆ. ಪ್ರತಿ ವರ್ಷವೂ ಹಿಂದಿನ ವರ್ಷಕ್ಕಿಂತ ಸೊರಗಿರುತ್ತಿತ್ತು. ಅಯ್ಯೋ ಪಾಪ ಎಂದುಕೊಂಡು ಝಗಮಗ ರೀಲು ಹಾಕಿ, ಬೆಳಕನ್ನು ಇನ್ನಷ್ಟು ಉಣಿಸಿ, ಸಾಲದಿದ್ದರೆ ಪ್ರಿಂಟು ಹಾಕುವ ಎನ್‌ಲಾರ್ಜರಿನ ಫಿಲ್ಟರಿನ ನಂಬರು ತಿರುಗಿಸಿ, ಗೋಡೆಯ ಪ್ರಿಂಟಿಗಿಂತ ಒಂದು ಗುಲಗಂಜಿ ಹೆಚ್ಚಿಗೆ ಮಾಡಿ ಕೊಡುತ್ತಿದ್ದೆ. ಕಸುಬಿನಲ್ಲಿ ನನಗೆ ಸ್ವಲ್ಪ ಜಂಬವೂ ಬಂದಿತ್ತು. ಮುದುಕರಾಗುತ್ತಿರುವ ಬಣ್ಣಗಾರರೊಬ್ಬರ ಮಾನವನ್ನು ಯಾರಿಗೂ ತಿಳಿಯದ ಹಾಗೆ ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ಆ ಆರು ವರ್ಷದಲ್ಲಿ ಒಂಬತ್ತು ಹೆಣ್ಣುಮಕ್ಕಳು ಆ ಕೆಂಪು ಉಟ್ಟು ಸೇತುವೆ ದಾಟಿದರು. ಬಾಣಂತನಕ್ಕೆ ತವರಿಗೆ ಬಂದಾಗ ಸಾಬರು ಸಿಕ್ಕಿದರೆ, ಸೀರೆ ಚೆನ್ನಾಗಿದೆ ಚಾಚಾ ಎಂದು ನೆಲ ನೋಡಿಕೊಂಡು ಹೇಳಿ ಹೋಗುತ್ತಿದ್ದರು. ನೆಲ ನೋಡುತ್ತಿದ್ದರೆಂದು ಆಗ ನಾನು ಗಮನಿಸಿರಲಿಲ್ಲ.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಸಾಬರು ಒಂದು ತುಂಡು ತಂದರು. ಕೂದಲಿಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದರು. "ಜೈತುನ್ ಮದುವೆ ಗೊತ್ತಾಯ್ತು ಚಂಪಕ್ಕ. ಹುಡುಗ ಸೇತುವೆ ಆಚೆಯವನು. ಇದು ಅವಳ ಸೀರೆ ನೂಲು. ಇನ್ಮೇಲೆ ಕೊಪ್ಪರಿಗೆ ಮುಟ್ತೀನೋ ಇಲ್ವೋ, ಇದೊಂದು ಸರಿಯಾಗಿ ಬರ್ಬೇಕು," ಎಂದರು. ಜೈತುನ್ ಅವರ ಒಬ್ಬಳೇ ಮಗಳು. ತಾಯಿ ಹೋದ ಮೇಲೆ ಅಡುಗೆಯನ್ನೂ ಉರಿಯನ್ನೂ ಅವಳೇ ನೋಡಿಕೊಂಡವಳು.

ಸಾದಾ ರೀಲಿನ ಪ್ರಿಂಟನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ನೋಡಿದೆ. ಅದು ಕೆಂಪೇ ಅಲ್ಲ, ಮಳೆಗೆ ನೆನೆದ ಹಳೆ ಹಂಚು. ಇದನ್ನು ಉಟ್ಟುಕೊಂಡು ಅವಳು ಗಂಡನ ಮನೆಯಲ್ಲಿ ಇಳಿಯುತ್ತಾಳೆ, ಅಲ್ಲಿ ಎಲ್ಲರಿಗೂ ಕಣ್ಣಿದೆ. ನಲವತ್ತು ದಿನಕ್ಕೆ ಅವಳಿಗೂ ಬರುತ್ತದೆ, ಪೆಟ್ಟಿಗೆ ತೆಗೆದು ಅಪ್ಪನ ಕೈಯ ಕೆಂಪು ನೋಡೋಣ ಎಂದುಕೊಳ್ಳುತ್ತಾಳೆ. ಬೇರೆಯವರ ಮಕ್ಕಳ ವಿಷಯದಲ್ಲಿ ಇದು ನನಗೆ ಹೊಳೆದಿರಲಿಲ್ಲ. ಝಗಮಗ ರೀಲನ್ನು ಕ್ಯಾಮೆರಾಕ್ಕೆ ಹಾಕಿದವಳು ಮತ್ತೆ ಹೊರಗೆ ತೆಗೆದಿಟ್ಟೆ. ಆ ಸಾದಾ ಪ್ರಿಂಟನ್ನೇ ಒಣಗಿಸಿ ಸಾಬರ ಮನೆಗೆ ತೆಗೆದುಕೊಂಡು ಹೋದೆ.

ಸಾಬರು ಅಂಗಳದಲ್ಲಿ ಸೌದೆ ಒಟ್ಟುತ್ತಿದ್ದರು. ಪ್ರಿಂಟು ನೋಡಿ, "ಇದ್ಯಾರ್ ನೂಲು?" ಎಂದರು. ನಿಮ್ಮದೇ ಎಂದೆ. "ನಂದಲ್ಲ ಇದು. ಇದು ಹಂಚು," ಎಂದರು. ನಾನು ಅಲ್ಲೇ ಜಗಲಿಯ ಮೇಲೆ ಕೂತು ಆರು ವರ್ಷದ ಕಥೆಯನ್ನೆಲ್ಲ ಹೇಳಿದೆ, ರೀಲು ಬದಲಿಸಿದ್ದು, ಬೆಳಕು ಹೆಚ್ಚಿಸಿದ್ದು, ಫಿಲ್ಟರು ತಿರುಗಿಸಿದ್ದು. ಹೇಳಿ ಮುಗಿದ ಮೇಲೆ ಅವರು ಸೌದೆ ಕೆಳಗಿಟ್ಟು, ಒಳಗೆ ಹೋಗಿ ನಾನು ಕೊಟ್ಟಿದ್ದ ಆರು ಪ್ರಿಂಟುಗಳನ್ನು ತಂದು ನನ್ನ ಮುಂದೆ ಸಾಲಾಗಿ ಇಟ್ಟರು.

"ಮೊದಲ್ನೇ ವರ್ಷ ಇದನ್ ಕೊಟ್ರಿ. ಮನೇಗ್ ಬಂದು ಗೋಡೆದರ ಪಕ್ಕ ಹಿಡ್ದೆ. ಜಾಸ್ತಿ ಇತ್ತು, ಕಿರುಚ್ತಿತ್ತು. ನನ್ ಕೈ ಭಾರ ಆಗಿದೆ ಅಂದ್ಕೊಂಡು ಮುಂದಿನ್ ಸಲ ಒಂದ್ ಹಿಡಿ ಪುಡಿ ಕಮ್ಮಿ ಹಾಕ್ದೆ. ಆಗ್ಲೂ ಜಾಸ್ತೀನೇ ಬಂತು. ಇನ್ನೊಂದ್ ಹಿಡಿ ಕಮ್ಮಿ ಮಾಡ್ದೆ," ಎಂದರು. ಆಮೇಲೆ ಬೆರಳು ಮಡಿಸಿ ಎಣಿಸಿದರು. "ಹದ್ನಾಲ್ಕ್ ಹಿಡಿ ಹಾಕ್ಬೇಕಾದ್ ಕಡೆ ಈಗ ಎಂಟು ಹಾಕ್ತಿದೀನಿ."

ನನಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಸಿಟ್ಟೂ ಬಂತು, ಅದು ನನ್ನ ಸ್ವಭಾವ. "ಜಾಸ್ತಿ ಆಯ್ತು ಅಂತ ನನಗೊಂದ್ ಮಾತು ಹೇಳೋಕ್ ಏನಾಗಿತ್ತು ಸಾಬ್ರೆ?" ಎಂದೆ.

"ನೀವು ನಗ್‌ನಗ್ತಾ ಕೊಡ್ತಿದ್ರಲ್ಲ. ಅಷ್ಟು ಖುಷಿಯಾಗಿ ಕೊಟ್ಟಿದ್ದನ್ನ ಚೆನ್ನಾಗಿಲ್ಲ ಅಂತ ಹೆಂಗ್ ಹೇಳೋದು. ಕಮ್ಮಿ ಬಿದ್ದಿದೆ ಅಂತ ನೀವ್ ಹೇಳಿದ್ರೆ ನಾನೇನ್ ಸತ್ತೋಗ್ತಿದ್ನಾ?" ಎಂದರು.

ಜೈತುನ್ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಇಬ್ಬರ ಮರ್ಯಾದೆಗೂ ಸೇರಿ ನನಗೆ ಹಂಚು ಉಡಿಸ್ತಿದ್ರಿ," ಎಂದಳು. ಹೇಳಿ ಚಹಾ ತರಲು ಒಳಗೆ ಹೋದಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮದುವೆಗೆ ಹನ್ನೆರಡು ದಿನವಿತ್ತು, ನೇಯುವುದಕ್ಕೆ ಆರು ದಿನ ಬೇಕು. ನೂಲನ್ನು ಮತ್ತೆ ಅದ್ದುವುದೆಂದಾಯಿತು. ಬಸ್ಸಿನ ಡ್ರೈವರಿಗೆ ತೋರಿಸೋಣ, ಅವನು ಹೊರಗಿನವನು, ಅವನಿಗೆ ಕಾಣುತ್ತದೆ ಎಂದು ನಾನೇ ಸೂಚಿಸಿದೆ. ಸಾಬರು ಒಪ್ಪಲಿಲ್ಲ. "ಕೆಂಪು ತೋರ್ಸಿದ್ರೆ ಕೆಂಪು ಅಂತಾನೆ. ಅವನಿಗೆ ನಮ್ ಕೆಂಪು ಗೊತ್ತಾ?" ಎಂದರು. ಆ ಮಾತು ಸರಿಯೇ ಆಗಿತ್ತು. ಆರು ಹಿಡಿಯನ್ನೂ ವಾಪಸು ಕೊಪ್ಪರಿಗೆಗೆ ಹಾಕಿದರು. ನನ್ನ ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಹಿಂದೆ ಸಾದಾ ರೀಲು ಒಂದೇ ಒಂದು ಉಳಿದಿತ್ತು. ಊರೆಲ್ಲ ಝಗಮಗ ಕೇಳುತ್ತಿದ್ದುದರಿಂದ ಸಾದಾ ತರಿಸುವುದನ್ನು ನಾನು ನಿಲ್ಲಿಸಿದ್ದೆ. ಈಗ ಬೇಕೆಂದರೆ ಅದನ್ನು ಮಾಡುವವರೂ ನಿಲ್ಲಿಸಿದ್ದರು. ಅದರ ಅವಧಿ ಮುಗಿದು ಎರಡು ವರ್ಷವಾಗಿತ್ತು. ಇರಲಿ ಎಂದು ಅದರಲ್ಲೇ ತೆಗೆದೆ, ಫಿಲ್ಟರಿನ ತಂಟೆಗೆ ಹೋಗದೆ ನೇರವಾಗಿ ಪ್ರಿಂಟು ಹಾಕಿದೆ. ಗೋಡೆಯದರ ಪಕ್ಕ ಹಿಡಿದರೆ ಇನ್ನೂ ಸ್ವಲ್ಪ ಕಡಿಮೆ ಇತ್ತು. ಈ ಸಲ ಮುಖ ಬಿಗಿದುಕೊಂಡೇ ಕಡಿಮೆ ಇದೆ ಎಂದೆ. ಸಾಬರು ಇನ್ನೆರಡು ಹಿಡಿ ಸುರಿದರು. ಆಗ ಸರಿಹೋಯಿತು, ಅಥವಾ ಸರಿಹೋದ ಹಾಗೆ ಕಂಡಿತು. ಅವಧಿ ಮುಗಿದ ಫಿಲ್ಮು ತಾನೇ ಒಂದಿಷ್ಟು ಬಣ್ಣ ತಿನ್ನುತ್ತದೆ ಎಂಬುದು ಮೂವತ್ತೊಂದು ವರ್ಷದ ಅನುಭವಸ್ಥಳಿಗೆ ನೆನಪಾದದ್ದು ಸೀರೆ ಮಗ್ಗದಿಂದ ಇಳಿದ ಮೇಲೆ. ಆಗ ಮಾಡುವಂಥದ್ದೇನೂ ಇರಲಿಲ್ಲ. ಸಾಬರಿಗೆ ಹೇಳಿದೆ, ಅವರು ತಲೆಯಾಡಿಸಿದರು.

ನಿಕಾಹಿಗೆ ಬಂದ ಗಂಡಿನ ಕಡೆಯವರಿಗೆ ಬಣ್ಣ ಕಾಣುತ್ತಿತ್ತು, ಬಂದು ಅರ್ಧ ದಿನವೂ ಆಗಿರಲಿಲ್ಲ. ಹುಡುಗನ ದೊಡ್ಡಮ್ಮ ಸೀರೆಯ ಸೆರಗು ಹಿಡಿದು ಮಾಷಾ ಅಲ್ಲಾ ಎಂದರು. ನಾನು ಸಾಬರ ಕಡೆ ನೋಡಿದೆ. "ಬೀಗರು. ಇನ್ನೇನಂತಾರೆ," ಎಂದು ಅವರು ಮೆಲ್ಲಗೆ ಹೇಳಿದರು. ಜೈತುನ್ ಮಧ್ಯಾಹ್ನದ ಹೊತ್ತಿಗೆ ಸೇತುವೆ ದಾಟಿದಳು. ನಮ್ಮ ಕಣ್ಣಿಗೆ ಅವಳ ಸೀರೆಯೂ ಸೇತುವೆಯ ಕಲ್ಲೂ ಒಂದೇ ಬಣ್ಣವಾಗಿದ್ದವು.

ಸಾಬರು ಕೊಪ್ಪರಿಗೆಯನ್ನು ಬೋರಲು ಹಾಕಿದರು. ಕೆಲಸಕ್ಕೆ ಕರೆದವರಿಗೆಲ್ಲ ಮಗಳು ಬಂದು ಹೇಳಲಿ, ಆಮೇಲೆ ನೋಡೋಣ ಎಂದರು. ದಿನಾ ಸಂಜೆ ಸ್ಟುಡಿಯೋದ ಬೆಂಚಿಗೆ ಬಂದು ಕೂರುತ್ತಿದ್ದರು. ಒಂದು ದಿನ, "ಅವಳೂ ಚೆನ್ನಾಗಿದೆ ಅಂದ್ಬಿಟ್ರೆ?" ಎಂದು ಕೇಳಿದರು. ಅವರ ಭಯ ನನಗೆ ಅರ್ಥವಾಯಿತು. ಚೆನ್ನಾಗಿಲ್ಲ ಎಂದರೆ ತಡೆದುಕೊಳ್ಳುತ್ತಿದ್ದರು. ಚೆನ್ನಾಗಿದೆ ಎಂದರೆ, ನಿಜವೋ ಮರ್ಯಾದೆಯೋ ಎಂದು ಸಾಯುವವರೆಗೆ ತಿಳಿಯುತ್ತಿರಲಿಲ್ಲ.

ಐವತ್ತೆರಡನೆಯ ದಿನ ಜೈತುನ್ ಬಂದಳು. ಬಸ್ಸಿಳಿದು ಮನೆಯವರೆಗೆ ನಡೆಯುವಾಗ ಎರಡೂ ಕಡೆ ನೋಡಿಕೊಂಡು ಬಂದಳಂತೆ, ಮುಂಗೋಡೆ ಪಾಲು ಮಾಡಿಕೊಂಡವರ ಮನೆಯ ಮುಂದೆ ನಿಂತು ನಕ್ಕಳಂತೆ. ನಾನು ಹೋಗುವಷ್ಟರಲ್ಲಿ ಅವಳು ಒಳಮನೆಯಲ್ಲಿ ಗೋಡೆಯ ಪ್ರಿಂಟಿನ ಮುಂದೆ ಮದುವೆ ಸೀರೆಯನ್ನು ತೋಳಿನ ಮೇಲೆ ಹರಡಿಕೊಂಡು ನಿಂತಿದ್ದಳು. ಸಾಬರು ಬಾಗಿಲ ಚೌಕಟ್ಟು ಹಿಡಿದಿದ್ದರು. ಹೇಗಿದೆಯಮ್ಮ ಎಂದು ನಾನೇ ಕೇಳಿದೆ.

"ಜಾಸ್ತಿ ಆಗಿದೆ ಅಬ್ಬಾ," ಎಂದಳು ಅವಳು, ಅಪ್ಪನ ಮುಖವನ್ನೇ ನೋಡಿಕೊಂಡು. "ಕಪ್ಪಿಗೆ ತಿರುಗಿದೆ. ಅಮ್ಮಿ ಕಾಲದ್ದು ಇದಲ್ಲ."

ಸಾಬರು ಚೌಕಟ್ಟು ಬಿಟ್ಟರು. "ಎಷ್ಟು ಜಾಸ್ತಿ?" ಎಂದರು. ಅವಳು ಯೋಚಿಸಿ, ಎರಡು ಹಿಡಿ ಇರಬೇಕು, ಎರಡೂವರೆ ಇರಲಾರದು ಎಂದಳು. ಹೀಗೆ ಮುಖಕ್ಕೆ ಮುಖ ಕೊಟ್ಟು ತಪ್ಪು ಹೇಳುವುದು ಇಷ್ಟು ಸುಲಭವಾಗಿತ್ತೇ ಎಂದು ನನಗೆ ಹೊಟ್ಟೆಕಿಚ್ಚಾಯಿತು. ಸಾಬರು ಆಗಲೇ ಅಂಗಳಕ್ಕೆ ಹೋಗಿ ಕೊಪ್ಪರಿಗೆಯನ್ನು ನೆಟ್ಟಗೆ ಮಾಡುತ್ತಿದ್ದರು.

ಅವಳ ಕಣ್ಣಿಗೆ ಇದ್ದದ್ದು ಎರಡು ದಿನ. ಆ ಎರಡು ದಿನ ಮಗಳನ್ನು ಅವರು ಕೊಪ್ಪರಿಗೆಯ ಪಕ್ಕದಿಂದ ಏಳಗೊಡಲಿಲ್ಲ. ಬಿರಿಯಾನಿ ಪಕ್ಕದ ಮನೆಯಿಂದ ಬಂತು, ಅದನ್ನೂ ಅಲ್ಲೇ ಕೂತು ತಿಂದಳು. ನೂಲಿನ ಸಣ್ಣ ಸಣ್ಣ ಲಡಿ ಅದ್ದಿ ಎತ್ತುವುದು, ಅವಳು ಪ್ರಿಂಟು ನೋಡುವುದು, ಲಡಿ ನೋಡುವುದು. ಕಮ್ಮಿ ಎಂದಳು. ಹೆಚ್ಚು ಎಂದಳು. ಹಳದಿಗೆ ಎಳೆಯುತ್ತಿದೆ, ಪಟಿಕ ನೋಡಿ ಎಂದಳು. ಮುದುಕರು ಒಂದಕ್ಕೂ ಬೇಸರಿಸಲಿಲ್ಲ, ಹುಡುಗರ ಹಾಗೆ ಎದ್ದೆದ್ದು ಓಡಾಡಿದರು. ಎರಡನೆಯ ದಿನ ಸಂಜೆ ಹನ್ನೊಂದನೆಯ ಲಡಿ ಎತ್ತಿದಾಗ ಅವಳು ಬೆಳಕಿಗೆ ಹಿಡಿದು ನೋಡಿ, "ಇದೇ ಅಬ್ಬಾ," ಎಂದಳು. ಸಾಬರು ಲಡಿಯನ್ನು ಹಿಂಡಿ ಹಗ್ಗಕ್ಕೆ ಹಾಕಿದರು. ಆದರೆ ಮುಖ ಬಿಚ್ಚಲಿಲ್ಲ. ಅವಳ ಕಣ್ಣು ಹೊಗೆಗೆ ಊದಿಕೊಂಡಿತ್ತು, ಸೊಂಟ ಹಿಡಿದಿತ್ತು. ಸಾಕಾಗಿ ಇದೇ ಅಂದಿರಬಹುದು. ಅಪ್ಪನಿಗೆ ಸಾಕಾಗಿದೆ ಎಂದು ಕಂಡು ಅಂದಿರಬಹುದು.

ಮೂರನೆಯ ದಿನ ಬೆಳಿಗ್ಗೆ ಒಣಗಿದ ಲಡಿಯ ಫೋಟೋ ತೆಗೆಯಲು ಕ್ಯಾಮೆರಾ ಹಿಡಿದು ಹೋದೆ. ಹೊರಡುವ ಬಸ್ಸಿಗೆ ಜೈತುನ್ ತಲೆ ಬಾಚಿಕೊಳ್ಳುತ್ತಿದ್ದಳು. ಸಾಬರು ಇನ್ನೊಂದು ಲಡಿ ಅದ್ದಿ ನೀರು ಸೋರುತ್ತಿರುವಂತೆಯೇ ಅವಳ ಮುಂದೆ ಹಿಡಿದರು. ಇದು ನಿನ್ನೆಯದಕ್ಕಿಂತ ಹೇಗೆ ಎಂದು ಕೇಳಿದರು. ಅವಳು ಬಾಚಣಿಗೆ ಕೆಳಗಿಟ್ಟು ನೋಡಿದಳು. ಕಿಟಕಿಯ ಹತ್ತಿರ ಹೋಗಿ ನೋಡಿದಳು, ಹಗ್ಗದ ಮೇಲಿದ್ದುದನ್ನು ತಂದು ಪಕ್ಕಕ್ಕೆ ಹಿಡಿದು ನೋಡಿದಳು. ಇದೂ ಚೆನ್ನಾಗಿದೆ ಎಂದುಬಿಡಲು ಅವಳಿಗೆ ಬೇಕಾದಷ್ಟು ಹೊತ್ತಿತ್ತು. ನಾನಾಗಿದ್ದರೆ ಅಂದುಬಿಡುತ್ತಿದ್ದೆ.

"ನನಗೆ ಗೊತ್ತಾಗ್ತಿಲ್ಲ ಅಬ್ಬಾ," ಎಂದಳು. "ಬೆಳಿಗ್ಗೆ ಎದ್ದಾಗ್ಲೇ ಹೋಗಿತ್ತು. ಎರಡೂ ಬೂದಿ."

ಸಾಬರು ಒದ್ದೆ ಲಡಿಯನ್ನು ಬಕೆಟ್ಟಿಗೆ ಹಾಕಿ ಅಂಗೈಯನ್ನು ಲುಂಗಿಗೆ ಒರೆಸಿಕೊಂಡರು. ಮಗಳ ಕೈಯಲ್ಲಿದ್ದ ಒಣಗಿದ ಲಡಿಯನ್ನು ತೆಗೆದುಕೊಂಡು ನನ್ನ ಕೈಗೆ ಕೊಟ್ಟರು. ಆರು ವರ್ಷದಲ್ಲಿ ಅವರ ಮುಖ ಹಾಗೆ ಅರಳಿದ್ದನ್ನು ನಾನು ನೋಡಿರಲಿಲ್ಲ.

"ಹಾಗಾದ್ರೆ ನಿನ್ನೆ ಹೇಳಿದ್ದು ನಿಜ," ಎಂದರು.